ಹಾರಕ್ಕೆ ಜಾಗ

ರಂಗರಾಜು ಫೋಟೋ ತೆಗೆಯದ ಮುಖ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾವುದಾದರೂ ಇದ್ದರೆ ಅದು ಇನ್ನೂ ತಾಯಿಯ ಹೊಟ್ಟೆಯಲ್ಲಿರಬೇಕು. ಅಲ್ಲಿಯೂ ಅದು ಗಲ್ಲ ಸ್ವಲ್ಪ ಮೇಲೆತ್ತಿಕೊಂಡೇ ಇರುತ್ತದೆಂದು ನನ್ನ ಅನುಮಾನ. ಅವನು ಸಂತೆಯಲ್ಲಿ ಸುಮ್ಮನೆ ಒಂದು ಸಲ ಕೆಮ್ಮಿದರೆ ಸಾಕು, ಬದನೆಕಾಯಿ ಆರಿಸುತ್ತಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಿದ್ದರು. ದನ ಕೂಡ ಕಿವಿ ನಿಮಿರಿಸಿಕೊಳ್ಳುತ್ತಿದ್ದವು.

ಅವನ ಸ್ಟುಡಿಯೋಗೂ ನಾನು ಗುಮಾಸ್ತನಾಗಿದ್ದ ಈರುಳ್ಳಿ ಮಂಡಿಗೂ ನಡುವೆ ಒಂದೇ ಗೋಡೆ. ಅವನಿಗೊಂದು ಓಮ್ನಿ ವ್ಯಾನು. ಯಾವುದೋ ಕಾಲದಲ್ಲಿ ನಮ್ಮ ಮಂಡಿಯ ಮಾಲನ್ನು ಒಂದೇ ಒಂದು ಸಲ ಅದರಲ್ಲಿ ಸಾಗಿಸಿದ್ದೆವು. ಆಮೇಲೆ ಅದರಲ್ಲಿ ಕೂತ ಮದುವಣಗಿತ್ತಿಯರೆಲ್ಲರೂ ತವರು ಬಿಡುವ ಮೊದಲೇ ಕಣ್ಣೀರು ಸುರಿಸತೊಡಗಿದರು. ವಿಡಿಯೋ ಬಹಳ ಚೆನ್ನಾಗಿ ಬರುತ್ತಿತ್ತು. ಹೆಣ್ಣಿನ ಕಡೆಯವರು ಅದಕ್ಕೆಂದೇ ರಂಗರಾಜುವನ್ನು ಹುಡುಕಿಕೊಂಡು ಬರುತ್ತಿದ್ದರು.

ಹೊರಗೆ ಹೆಸರು ಅವನದಾದರೂ ಒಳಗಿನ ಕೆಲಸವೆಲ್ಲ ಅವನ ಹೆಂಡತಿ ಶಾಂತಿಯದು. ಸ್ಟುಡಿಯೋದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ದಿಂಬು ಹಾಕಿಕೊಂಡು ಕೂತರೆ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮದುವೆ ಆಲ್ಬಮ್ಮು ಜೋಡಿಸುವುದು ಒಂದು ಕೆಲಸವಾದರೆ, ಗೋಡೆ ಫೋಟೋ ಮಾಡುವುದು ಇನ್ನೊಂದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದ ಕೈ ಒಣಗುವ ಮೊದಲೇ ಮಗನೋ ಅಳಿಯನೋ ಯಾವುದಾದರೂ ಹಳೇ ಗುಂಪು ಫೋಟೋ ಹಿಡಿದು ಅವಳ ಹತ್ತಿರ ಬರುತ್ತಿದ್ದ. ತಿಥಿಯ ದಿನ ಕುರ್ಚಿಯ ಮೇಲೆ ಇಡಬೇಕು, ಆಮೇಲೆ ಗೋಡೆಗೆ ಹಾಕಬೇಕು. ಶಾಂತಿ ಸತ್ತವರನ್ನು ಗುಂಪಿನಿಂದ ಬಿಡಿಸಿಕೊಂಡು, ಹೆಗಲ ಮೇಲಿದ್ದ ಬೇರೆಯವರ ಕೈ ಅಳಿಸಿ, ಮುಚ್ಚಿದ ಕಣ್ಣು ತೆರೆಸಿ, ಬೇಕಾದರೆ ಬಟ್ಟೆಯನ್ನೂ ಬದಲಾಯಿಸುತ್ತಿದ್ದಳು. ಜೀವಮಾನದಲ್ಲಿ ಲುಂಗಿ ಬಿಟ್ಟು ಬೇರೆ ಉಡದ ಬೇಗೂರಿನ ಚಿಕ್ಕಯ್ಯನಿಗೆ ಅವಳು ತೊಡಿಸಿದ ಕೋಟಿನ ಗತ್ತು ಎಂಥದ್ದೆಂದರೆ, ತಿಥಿಯ ದಿನ ಅವನ ಹೆಂಡತಿಯೇ ಫೋಟೋ ನೋಡಿ, "ಯಾರಪ್ಪ ಈ ತಾಸೀಲ್ದಾರ್ರು?" ಎಂದು ಗಾಬರಿಯಿಂದ ಎದ್ದು ನಿಂತಳಂತೆ.

ಆ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಾರಕ್ಕೆ ಜಾಗ. ತಲೆಯ ಮೇಲೆ, ಭುಜದ ಆಚೀಚೆ ಒಂದಿಷ್ಟು ಖಾಲಿ ಬಿಡಬೇಕು. ಬಿಡದಿದ್ದರೆ ಹಾರ ಸೀದಾ ಕಣ್ಣಿನ ಮೇಲೆ ಬಂದು ಕೂರುತ್ತದೆ. ಬದುಕಿರುವವರ ಫೋಟೋದಲ್ಲಿ ಮುಖ ತುಂಬಿಕೊಂಡಿರಬೇಕು, ಸತ್ತವರದರಲ್ಲಿ ಮುಖದ ಸುತ್ತ ಬೀಳು ಬಿಟ್ಟ ಹೊಲದ ಹಾಗಿರಬೇಕು ಎಂದು ಶಾಂತಿ ಹೇಳುತ್ತಿದ್ದಳು. ರಂಗರಾಜು ಯಾರಾದರೂ ಮುದುಕರನ್ನು ಕೂರಿಸಿ ಫೋಟೋ ತೆಗೆಯುವಾಗ ಒಳಗಿನಿಂದಲೇ, "ರೀ, ಹಾರಕ್ ಜಾಗ ಬುಡಿ!" ಎಂದು ಕೂಗಿ, ಕೂತ ಮುದುಕರ ಎದೆ ಧಸಕ್ಕೆನ್ನಿಸಿದ್ದೂ ಉಂಟು.

ಧನುರ್ಮಾಸ ಬಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಸ್ಟುಡಿಯೋದವರು ನೊಣ ಹೊಡೆಯುವ ತಿಂಗಳು ಅದು. ಚಳಿಗೆ ನೊಣಗಳೂ ಬರುವುದಿಲ್ಲವಾದ್ದರಿಂದ ಆ ಕೆಲಸವೂ ಇಲ್ಲ. ಆಗ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು, ಮಧ್ಯಾಹ್ನದ ಹೊತ್ತು ಓಮ್ನಿ ಹತ್ತಿ ಊರಾಚೆ ಹೋಗಿ ಹೊಲ, ಮರ, ಬೆಟ್ಟ, ಬಾನು ಎಂದು ಫೋಟೋ ತೆಗೆದು ತರುತ್ತಿದ್ದರು. ವರ್ಷವಿಡೀ ಆಲ್ಬಮ್ಮುಗಳಲ್ಲಿ ಹೆಣ್ಣು ಗಂಡಿನ ಹಿಂದೆ ಅಂಟಿಸಲು ಅದೇ ಬಂಡವಾಳ. ಶಾಂತಿಯ ಕೆಲಸ ಲೆನ್ಸಿಗೆ ಬಿಸಿಲು ಹೊಡೆಯದಂತೆ ಕೊಡೆ ಹಿಡಿಯುವುದು. "ಪಕ್ಕಕ್ ಸರ್ಕಂಡ್ ನಿಂತ್ಕೊಮ್ಮಿ, ನಿನ್ ನೆಳ್ಳು ಬೀಳ್ತದೆ" ಎಂದು ರಂಗರಾಜು, ಮದುವೆಯಾದ ವರ್ಷದಿಂದ ಹೇಳಿಕೊಂಡು ಬಂದಿದ್ದ. ಅವಳು ಸರಿದುಕೊಂಡು ಬಂದಿದ್ದಳು.

ಕಳೆದ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಅವನು ನಮ್ಮ ಮನೆಯ ಜಗುಲಿಗೆ ಬಂದು ಕೂತ.

"ಸಿದ್ದಣ್ಣ, ಮದ್ಯಾನ ಓಮ್ನಿ ಓಡ್ಸುಕ್ಕೆ ಬತ್ತೀಯಾ?"

"ಎಲ್ಲಿಗ್ಲಾ?"

"ಬೆಟ್ಟದ ತವ. ವರ್ಸಾ ವರ್ಸಾ ಓಯ್ತೀವಲ್ಲ, ಪೋಟೋಗೆ."

"ನಾನ್ಯಾಕ್ ಬರ್ಲಿ? ನಾನೇನ್ ಪ್ರಕೃತಿನಾ?"

ನನ್ನ ಮಾತು ಮುಗಿಯುವ ಮೊದಲೇ ನಕ್ಕುಬಿಡುವ ಮನುಷ್ಯ ಈಗ ನಗಲಿಲ್ಲ. ಚಪ್ಪಲಿಯ ಉಂಗುಷ್ಟ ನೋಡುತ್ತಾ ಹೇಳಿದ: "ಚಾಮ್ರಾಜನಗರದ ಡಾಕ್ಟ್ರು ಯೋಳ್ಬುಟ್ರು ಕಣಣ್ಣ. ಇನ್ನು ಮನೇಲೇ ಇಟ್ಕಳಿ, ಏನ್ ಕೇಳ್ತಾರೋ ಕೊಡಿ ಅಂದ್ರು."

ಶಾಂತಿಯ ಹೊಟ್ಟೆಯ ಕಾಯಿಲೆ ನಮಗೆಲ್ಲ ಗೊತ್ತಿತ್ತು. ಇಷ್ಟು ಬೇಗ ಎಂದು ಗೊತ್ತಿರಲಿಲ್ಲ.

"ಅವಳ್ಗೆ ಗೊತ್ತಾ?"

"ಇಲ್ಲ. ವಾಸಿ ಆಯ್ತದೆ, ಉಣ್ಣು ಅಂದಿವ್ನಿ." ಎದ್ದವನು ಮತ್ತೆ ಕೂತು, "ಮನೇಲಿ ಅವಳ್ದು ಒಂದು ಪೋಟೋ ಇಲ್ಲ ಕಣಣ್ಣ" ಎಂದ.

"ಮದ್ವೇದು?"

"ನಮ್ ಮದ್ವೇಲಿ ಪೋಟೋ ತಗುದ್ದೋನೂ ನಾನೇ ಅಲ್ವಾ? ಕ್ಯಾಮ್ರಾ ಸ್ಟ್ಯಾಂಡ್ ಮ್ಯಾಲಿಟ್ಟು, ಟೈಮರ್ ಒತ್ತಿ ಓಡೋಡ್ ಬಂದು ಕೂತ್ಕತಿದ್ದೆ. ಎಲ್ಲಾದ್ರಲ್ಲೂ ನನ್ ಬೆನ್ನೇ ಅಡ್ಡ ಬಂದದೆ. ಆಧಾರ್ ಕಾರ್ಡಲ್ಲಿರೋದ್ನ ನೋಡುದ್ರೆ ಪೊಲೀಸ್ನೋರೇ ಹಿಡ್ಕೊಂಡ್ ಓಗ್ಬೇಕು. ಹಂಗದೆ."

ಮದುವೆಯ ನಂತರ ಅವನು ಫೋಟೋ ತೆಗೆಯುತ್ತೇನೆಂದಾಗಲೆಲ್ಲ ಅವಳು ಬೇಡವೆನ್ನುತ್ತಲೇ ಬಂದಿದ್ದಳಂತೆ. ನನ್ನ ಮುಖಕ್ಕೆ ಯಾಕೆ ದಂಡ ಎನ್ನುತ್ತಿದ್ದಳಂತೆ. ಈಗ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿದರೆ ತಕ್ಷಣ ತಿಳಿದುಬಿಡುತ್ತದೆ. ಹೊರಗೆ, ಮರ ಗಿಡ ತೆಗೆಯುವ ನೆಪದಲ್ಲಿ, ಲೈಟು ನೋಡುತ್ತೇನೆ ಎಂದು ನಿಲ್ಲಿಸಿ ಒಂದನ್ನು ತೆಗೆದುಬಿಡಬೇಕು. ಒಂದೇ ಒಂದು ಒಳ್ಳೆಯದು. ಸಾವಿರ ಮದುವೆ ಮಾಡಿಸಿದವನ ಹಾಗೆ ಕಾಣುತ್ತಿದ್ದ ಮನುಷ್ಯ ಅಂದು ಹೆಣ್ಣು ಕೇಳಲು ಬಂದ ಬಡವನ ಹಾಗೆ ನನ್ನ ಜಗುಲಿಯ ಮೇಲೆ ಕೂತಿದ್ದ.

ಮಧ್ಯಾಹ್ನ ಶಾಂತಿ ಸೀರೆಯ ಮೇಲೆ ಗಂಡನ ಸ್ವೆಟರು ಹಾಕಿಕೊಂಡು, ಕಿವಿಗೆ ಟವೆಲು ಸುತ್ತಿಕೊಂಡು ಬಂದಳು. ಕೈಯೆತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಂದು ಬೆಕ್ಕು ಹತ್ತಿದರೂ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುವ ಓಮ್ನಿ, ಅವಳು ಹತ್ತಿದಾಗ ಸುಮ್ಮನಿತ್ತು. ನಾನು ಸ್ಟೀರಿಂಗು ಹಿಡಿದು ರಸ್ತೆಯನ್ನೇ ನೋಡಿದೆ.

"ಏನಣ್ಣ, ನೀವೂ ಪ್ರಕೃತಿ ನೋಡಕ್ ಹೊಂಟ್ರಾ? ಈರುಳ್ಳಿ ಬುಟ್ಟು ಬ್ಯಾರೆ ಏನಾರ ಕಾಣ್ತದಾ ನಿಮ್ಗೆ?"

"ಈರುಳ್ಳಿನೂ ಪ್ರಕೃತಿನೇ ಕಣವ್ವ. ಬೆಟ್ಟ ನೋಡಿ ಯಾರ್ ಅತ್ತವ್ರೆ, ಯೋಳು?"

"ಅಳೋರ್ಗೆ ಯಾವ್ದಾದ್ರೂ ಆಯ್ತದೆ" ಎಂದು ಅವಳು ಕಿಟಕಿಯ ಗಾಜು ಮೇಲೆ ಮಾಡಿದಳು. ಅದು ಅರ್ಧಕ್ಕೆ ನಿಂತಿತು. ಅದರ ಆಯುಸ್ಸೇ ಅಷ್ಟು.

ಊಟಿಯವರು ಸಾಕೆಂದು ಎಸೆದ ಚಳಿಯೆಲ್ಲ ಬಂಡೀಪುರದ ಕಾಡು ದಾಟಿ ಬಂದು ನಮ್ಮ ಹಂಗಳ ಊರಿನ ಬಯಲಿನಲ್ಲಿ ರಾಶಿ ಬೀಳುತ್ತದೆ. ಅಂದು ಗಾಳಿ ಹೇಗಿತ್ತೆಂದರೆ ನನ್ನ ಮೀಸೆಯ ಎಡಭಾಗವೂ ಬಲಗಡೆಗೇ ಬಂದು ಸೇರಿಕೊಂಡಿತ್ತು. ಆಕಾಶ ಒಲೆಯಿಂದ ಬಳಿದು ತೆಗೆದ ಬೂದಿಯ ಬಣ್ಣಕ್ಕಿತ್ತು. ಮಳೆಗಾಲದಲ್ಲಿ ಕೇರಳದ ಕಾರುಗಳು ಸಾಲುಗಟ್ಟಿ ನಿಂತು ಸೆಲ್ಫಿ ತೆಗೆದುಕೊಳ್ಳುವ ಸೂರ್ಯಕಾಂತಿ ಹೊಲಗಳಲ್ಲಿ ಈಗ ಕಪ್ಪು ದಂಟುಗಳು ಕತ್ತು ಬಗ್ಗಿಸಿಕೊಂಡು ನಿಂತಿದ್ದವು. ಚೆಂಡುಹೂವಿನ ಹೊಲಗಳಲ್ಲಿ ಹೂವಿರಲಿಲ್ಲ. ಹುರುಳಿ ಕಿತ್ತ ನೆಲದಲ್ಲಿ ಕುರಿಗಳು ಏನೋ ಕಳೆದುಕೊಂಡವರ ಹಾಗೆ ಮೂಗು ಊರಿಕೊಂಡು ಹೋಗುತ್ತಿದ್ದವು.

ರಂಗರಾಜು ಅಲ್ಲಲ್ಲಿ ನಿಲ್ಲಿಸಲು ಹೇಳಿ, ಇಳಿದು, ಏನನ್ನೋ ತೆಗೆದ ಹಾಗೆ ಮಾಡಿ ಮತ್ತೆ ಹತ್ತುತ್ತಿದ್ದ. ಒಂದು ಕಡೆ ತಂತಿಯ ಮೇಲೆ ನೀಲಕಂಠ ಹಕ್ಕಿ ಕೂತಿತ್ತು. ಶಾಂತಿಯೇ ಮೊದಲು ನೋಡಿದ್ದು. "ರೀ, ಅಲ್ನೋಡಿ!" ಎಂದಳು. ಅವನು ಕ್ಯಾಮೆರಾ ಎತ್ತಿ ಟಕಟಕನೆ ಒತ್ತಿದ. ಹಕ್ಕಿ ನೀಲಿ ರೆಕ್ಕೆ ಬಿಚ್ಚಿ ಹೋಯಿತು.

"ಚೆನ್ನಾಗ್ ಬಂತು" ಎಂದ.

"ಹೆಂಗ್ ಬತ್ತದೆ? ಲೆನ್ಸಿನ ಮುಚ್ಚಳನೇ ತಗ್ದಿಲ್ವಲ್ರೀ."

ನಾನು ನಕ್ಕೆ. ಅವಳೂ ನಕ್ಕಳು, ಕೆಮ್ಮು ಬರುವವರೆಗೆ. ರಂಗರಾಜು ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡ. ಅದು ಜೇಬಿಗೆ ಹೋಗದೆ ಕೆಳಗೆ ಬಿತ್ತು.

ಹಂಗಳ ದಾಟಿ ಬೆಟ್ಟದ ದಾರಿ ಹಿಡಿದರೆ ಎದುರಿಗೆ ಗೋಪಾಲಸ್ವಾಮಿ ಬೆಟ್ಟ ಕಾಣಬೇಕು. ಅಂದು ಮಂಜು ಮುಚ್ಚಿ ಬೆಟ್ಟವೇ ಇರಲಿಲ್ಲ. ಅಷ್ಟು ದೊಡ್ಡದನ್ನು ಯಾರೋ ಲಾರಿಗೆ ತುಂಬಿ, ಮೇಲೆ ಟಾರ್ಪಾಲು ಕಟ್ಟಿ, ಕೇರಳಕ್ಕೆ ಸಾಗಿಸಿಬಿಟ್ಟ ಹಾಗಿತ್ತು. ಶಾಂತಿ ಅದಿರಬೇಕಾದ ಕಡೆಗೆ ಬಹಳ ಹೊತ್ತು ನೋಡಿ, "ಈ ವರ್ಸ ಬೆಟ್ಟ ಸಿಗಕಿಲ್ಲ ಬುಡಿ" ಎಂದಳು.

ಆನೆಗಳಿಗೆಂದು ತೋಡಿದ ಕಂದಕದ ಈಚೆಗೆ ಒಂದು ಒಂಟಿ ಹುಣಸೆಮರ. ಅಲ್ಲಿಗೆ ಬರುವ ಹೊತ್ತಿಗೆ ಮೋಡದ ಕೆಳಗಿನಿಂದ ಸ್ವಲ್ಪ ಬಿಸಿಲು ನುಸುಳಿ, ಬಯಲೆಲ್ಲ ಹಳೇ ಹಿತ್ತಾಳೆ ತಂಬಿಗೆಯ ಬಣ್ಣವಾಯಿತು. ರಂಗರಾಜು ನಿಲ್ಲಿಸು ಎಂದ.

"ಶಾಂತಿ, ಸುಮ್ನೆ ಆ ಮರದ ತವ ನಿಂತ್ಕೊ. ಲೈಟ್ ನೋಡ್ತೀನಿ."

ಅವಳು ಇಳಿದು ಹೋದಳು. ಅವನು ಕ್ಯಾಮೆರಾ ಎತ್ತಿದ್ದೇ ತಡ, ಅಭ್ಯಾಸದಂತೆ ಪಕ್ಕಕ್ಕೆ ಸರಿದು ನಿಂತಳು.

"ಅಲ್ಲ ಕಣಮ್ಮಿ. ಮದ್ಯಕ್ ಬಾ."

ಅವಳು ಅವನನ್ನೊಮ್ಮೆ ನೋಡಿ ಮಧ್ಯಕ್ಕೆ ಬಂದಳು.

"ಟವೆಲ್ ತಗಿ. ತಲೆ ಒಸಿ ಸರಿ ಮಾಡ್ಕೊ. ಇಲ್ನೋಡು. ನಗ್ಬೇಡ... ಒಸಿ ನಗು."

ಹೀಗೆನ್ನುತ್ತಾ ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡೇ ಇನ್ನೊಂದು ಹೆಜ್ಜೆ. ಬದುಕಿರುವವರ ಫೋಟೋ ತೆಗೆಯುವಾಗ ಜನರ ಮೂಗಿಗೆ ಲೆನ್ಸು ತಾಗುವಷ್ಟು ಮುಂದೆ ಹೋಗುವವನು ಅವನು. ಈಗ ಕಾಲು ತನ್ನ ಪಾಡಿಗೆ ತಾನು ಬೇರೆ ಅಳತೆ ಹಿಡಿದಿತ್ತು. ಶಾಂತಿ ಅವನ ಕಾಲನ್ನೇ ನೋಡುತ್ತಿದ್ದಳು. ಅವನು ಮತ್ತೂ ಒಂದು ಹೆಜ್ಜೆ ಹಿಂದಕ್ಕಿಟ್ಟಾಗ ಮೆಲ್ಲಗೆ ಕೇಳಿದಳು:

"ಸಾಕೇನ್ರೀ, ಹಾರಕ್ ಜಾಗ?"

ಕುರಿಯ ಗಂಟೆ ಎಲ್ಲೋ ಕೇಳಿಸಿತು. ರಂಗರಾಜು ಕ್ಯಾಮೆರಾ ಕಣ್ಣಿನಿಂದ ಇಳಿಸಲಿಲ್ಲ, ಒತ್ತಲೂ ಇಲ್ಲ. ಇಳಿಸಿದ್ದರೆ ಕಣ್ಣು ಕಾಣಿಸಿಬಿಡುತ್ತಿತ್ತು.

"ಎಷ್ಟ್ ಜನುಕ್ಕೆ ಜಾಗ ಮಾಡ್ಕೊಟ್ಟಿವ್ನಿ, ನಂಗ್ ಗೊತ್ತಾಗಕಿಲ್ವಾ?" ಎಂದಳು ಶಾಂತಿ. "ಡಾಕ್ಟ್ರು ನಿಮ್ಮೊಬ್ರುನ್ನೇ ಆಚೆಗ್ ಕರದ್ರಲ್ಲ, ಆಗ್ಲೇ ಗೊತ್ತಾಯ್ತು. ಆಮೇಲೆ ದಿನಾ ಮೈಸೂರ್ ಪಾಕ್ ತರಕ್ ಶುರು ಮಾಡುದ್ರಿ. ಮದ್ವೆ ಆದ್ ಹೊಸುದ್ರಲ್ಲೂ ತಂದೋರಲ್ಲ ನೀವು."

"ಶಾಂತಿ, ಅದ್ ಅಂಗಲ್ಲ..."

"ಅಂಗೇ ಕಣ್ರಿ. ಬನ್ನಿ ಇಲ್ಲಿ. ಕ್ಯಾಮ್ರಾ ಅಣ್ಣನ್ ಕೈಗ್ ಕೊಡಿ."

ಅವನು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ. "ಅವನ್ ಕೈಗಾ? ಜೀವ್ಮಾನದಲ್ಲಿ ತಕ್ಕಡಿ ನೆಟ್ಗೆ ಹಿಡ್ದೋನಲ್ಲ ಅವ್ನು!"

"ಹಿಡೀದಿದ್ರೂ ಆಯ್ತದೆ. ನಾನ್ ಒಬ್ಳೇ ನಿಲ್ಲಕಿಲ್ಲ."

ಅವನು ಕ್ಯಾಮೆರಾದ ಪಟ್ಟಿ ನನ್ನ ಕೊರಳಿಗೆ ಹಾಕಿ, ಇದನ್ನು ಒತ್ತು ಎಂದು ತೋರಿಸಿ, ಹೋಗಿ ಅವಳ ಪಕ್ಕ ನಿಂತ. ಶಾಂತಿ ಅವನ ಹೆಗಲ ಮೇಲೆ ಕೈ ಇಡಲಿಲ್ಲ. ಹೆಗಲ ಮೇಲಿನ ಕೈ ಅಳಿಸುವುದು ಎಷ್ಟು ಸುಲಭವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತನ್ನ ತೋಳನ್ನು ಅವನ ತೋಳಿನೊಳಗೆ ತೂರಿಸಿ, ಬೆರಳಿಗೆ ಬೆರಳು ಹೆಣೆದು, ತಲೆಯನ್ನು ಅವನ ಕೆನ್ನೆಗೆ ಒತ್ತಿಕೊಂಡಳು.

"ಇದ್ನ ಅದ್ಯಾರ್ ಕತ್ತರ್ಸ್ತಾರೋ ನೋಡಾನ" ಎಂದಳು. "ಅಣ್ಣ, ಅತ್ರಕ್ ಬನ್ನಿ. ಇನ್ನೂ ಅತ್ರ. ತಲೆ ಮ್ಯಾಲೆ ಒಂಚೂರೂ ಜಾಗ ಬುಡ್ಬೇಡಿ."

ನಾನು ಹತ್ತಿರ ಹೋದೆ. ಕಿಂಡಿಯಲ್ಲಿ ಇಬ್ಬರ ಮುಖ, ಹೆಣೆದ ಬೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎರಡೂ ಅಳುವ ಮುಖಗಳು. ಇಂಥದ್ದನ್ನು ತೆಗೆದುಕೊಟ್ಟರೆ ನನ್ನ ಹೆಸರಿಗೆ ಕಳಂಕ. ಆದ್ದರಿಂದ ಗಟ್ಟಿಯಾಗಿ ಹೇಳಿದೆ: "ಲೋ ರಂಗ, ನಿನ್ ಪ್ಯಾಂಟಿನ ಜಿಪ್ ಬಿಚ್ಚೋಗದೆ ಕಣ್ಲಾ!"

ಅವನು ಗಾಬರಿಯಿಂದ ಕೆಳಗೆ ನೋಡಿದ. ಅವನು ನೋಡಿದ್ದನ್ನು ನೋಡಿ ಶಾಂತಿ ಬಾಯಿ ತೆರೆದು ನಕ್ಕಳು. ನಾನು ಒತ್ತಿದೆ.

ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಕಂದಕದ ಆಚೆಯಿಂದ ಫಾರೆಸ್ಟ್ ವಾಚರ್ ಮಾದಣ್ಣ ಕೂಗಿಕೊಂಡ: "ಯಾರ್ರಲಾ ಅದು? ಆನೆ ಈಚೆಗ್ ಬರೋ ಹೊತ್ತು, ಒರಡ್ರಲಾ! ಪೋಟೋ ಅಂತೆ ಪೋಟೋ!" ಆನೆ ಬಂದಿದ್ದರೆ ನಾನು ಅದಕ್ಕೂ ಸ್ವಲ್ಪ ಸರಿದು ನಿಲ್ಲು ಎನ್ನುವ ಹುಮ್ಮಸ್ಸಿನಲ್ಲಿದ್ದೆ. ಆದರೆ ಶಾಂತಿಯ ಕಾಲು ಸೋತುಹೋಗಿತ್ತು. ರಂಗರಾಜು ಅವಳನ್ನು ಎತ್ತಿಕೊಂಡೇ ಬಂದು ಓಮ್ನಿಯಲ್ಲಿ ಕೂರಿಸಿದ.

ದಾರಿಯಲ್ಲಿ ಬುತ್ತಿ ಬಿಚ್ಚಿ ಅವಳೇ ನಮಗೆ ಚಿತ್ರಾನ್ನ ಹಾಕಿಕೊಟ್ಟಳು. ತಾನು ತಿನ್ನಲಿಲ್ಲ. ರಂಗರಾಜು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಊರು ಮುಟ್ಟಿದ. ಹೆದ್ದಾರಿಯಲ್ಲಿ ಕೋಸಿನ ಲಾರಿಗಳು ದೀಪ ಹಾಕಿಕೊಂಡು ಎದುರಿಗೆ ಬರುತ್ತಿದ್ದವು. ಪ್ರತಿ ಲಾರಿಯ ಬೆಳಕಿಗೂ ಕನ್ನಡಿಯಲ್ಲಿ ಅವರಿಬ್ಬರ ಮುಖ ಒಂದು ಸಲ ಕಂಡು ಮರೆಯಾಗುತ್ತಿತ್ತು. ಈರುಳ್ಳಿಯ ವಾಸನೆ ಆ ಗಾಡಿಯಲ್ಲಿ ಇನ್ನೂ ಇದೆ ಎಂದು ನನಗೆ ಅಂದು ಖಾತ್ರಿಯಾಯಿತು.

ಸಂಕ್ರಾಂತಿ ಕಳೆದು, ಮತ್ತೆ ಮದುವೆಯ ಓಲಗ ಕೇಳತೊಡಗಿದ ವಾರದಲ್ಲಿ ಶಾಂತಿ ಹೋದಳು.

ತಿಥಿಗೆ ಮುಂಚೆ ಉಮ್ಮತ್ತೂರಿನಿಂದ ಅವಳ ತಾಯಿ ಮೂಗಮ್ಮ, ತಮ್ಮ ಸೋಮೇಶ್ ಬಂದರು. ಕುರ್ಚಿಯ ಮೇಲಿಡಲು ಫೋಟೋ ಬೇಕಲ್ಲ. ಇದ್ದದ್ದು ನಾನು ತೆಗೆದದ್ದೊಂದೇ. ಸೋಮೇಶ್ ಅದನ್ನು ಕಂಪ್ಯೂಟರಿನಲ್ಲಿ ನೋಡಿ, "ಬಾವ, ನಿಮ್ಮುನ್ನ ಕಟ್ ಮಾಡಿ ಅಕ್ಕುನ್ ಒಬ್ಳುನ್ನೇ ದೊಡ್ದ್ ಮಾಡ್ಬುಡಿ" ಎಂದ. ತಪ್ಪಿನ ಮಾತೇನಲ್ಲ, ಊರೆಲ್ಲ ಮಾಡುವುದೇ ಅದು. ರಂಗರಾಜು ಅವಳ ದಿಂಬಿನ ಮೇಲೆ ಕೂತು ಮೌಸು ಹಿಡಿದ. ಬಾಣದ ಗುರುತು ಅವಳ ತಲೆ ಸುತ್ತಿ, ಅವನದೇ ಕೆನ್ನೆಯ ಹತ್ತಿರ ಬಂದು, ಹೆಣೆದ ಬೆರಳುಗಳ ಮೇಲೆ ನಿಂತುಬಿಟ್ಟಿತು. ಎಲ್ಲಿ ಅವಳ ಬೆರಳು ಮುಗಿದು ಎಲ್ಲಿ ತನ್ನದು ಶುರುವಾಗುತ್ತದೆ ಎಂದು ಅವನು ಬಹಳ ಹೊತ್ತು ನೋಡಿದ.

"ಈ ಕೆಲ್ಸ ಎಲ್ಲಾ ಅವಳ್ದು ಕಣೋ. ನಂಗ್ ಬರಕಿಲ್ಲ" ಎಂದು ಎದ್ದ.

ತಿಥಿಯ ದಿನ ಫೋಟೋ ಇದ್ದ ಹಾಗೆಯೇ ಕುರ್ಚಿಯ ಮೇಲೆ ಬಂತು. ಬಾಯಿ ತೆರೆದು ನಗುವ ಶಾಂತಿ, ತನ್ನ ಪ್ಯಾಂಟು ನೋಡಿಕೊಳ್ಳುತ್ತಿರುವ ರಂಗರಾಜು. ಬಂದ ನೆಂಟರು ಫೋಟೋಗೊಮ್ಮೆ, ಬಾಗಿಲಲ್ಲಿ ನಿಂತಿದ್ದ ಅವನಿಗೊಮ್ಮೆ ಕೈ ಮುಗಿದು, ಯಾರಿಗೆ ಸಮಾಧಾನ ಹೇಳುವುದೆಂದು ತಿಳಿಯದೆ ಮಜ್ಜಿಗೆ ಕುಡಿದು ಕೂತರು.

ಮೂಗಮ್ಮ ಚೆಂಡುಹೂವಿನ ಹಾರ ಹಿಡಿದು ಬಂದು ಫೋಟೋದ ಮುಂದೆ ನಿಂತುಬಿಟ್ಟಳು.

"ಇದೇನಪ್ಪ ರಂಗ, ಬದ್ಕಿರೋನ್ಗೂ ಸೇರ್ಸಿ ಹಾರ ಆಕನಾ?"

"ಆಕವ್ವ. ಒಂದ್ ಹಾರ ಮಿಗ್ತದೆ" ಎಂದ ರಂಗರಾಜು.

"ಥೂ, ಬುಡ್ತು ಅನ್ನು!" ಎಂದು ಬೈದು, ದೇವರ ಹೆಸರು ಹೇಳಿ, ಅವಳು ಹಾರ ಹಾಕಿದಳು. ಅದು ನಿಲ್ಲಲಿಲ್ಲ. ಮೇಲೆ ಬೆರಳಗಲ ಜಾಗವಿಲ್ಲದ ಫೋಟೋ. ಹಾರ ಜಾರಿ ನೇರ ಶಾಂತಿಯ ಕಣ್ಣಿನ ಮೇಲೆ ಬಂದು ಕೂತಿತು. ಮೂಗಮ್ಮ ಮೇಲೆ ಎಳೆದಳು, ಮತ್ತೆ ಜಾರಿತು. ಸೋಮೇಶ್ ಬಂದು ದಾರ ಉದ್ದ ಮಾಡಿದ. ಈಗ ಅವಳ ನಗು ಮುಚ್ಚಿತು. ರಂಗರಾಜು ಮುಂದೆ ಬಂದು ಹಾರವನ್ನು ಎರಡೂ ಕೈಯಲ್ಲಿ ತೆಗೆದು, ಕುರ್ಚಿಯ ಮೇಲೆ, ಫೋಟೋದ ಕಾಲಬುಡದಲ್ಲಿ ಸುತ್ತಿಟ್ಟ.

"ಅವ್ಳು ಜಾಗ ಬುಟ್ಟಿಲ್ಲ ಕಣವ್ವ" ಎಂದ.

ಆ ಫೋಟೋ ಈಗ ಅವನ ನಡುಮನೆಯ ಗೋಡೆಯ ಮೇಲಿದೆ. ಹಾರ ಇಲ್ಲ. ಅದರ ಎಡಮೂಲೆಯಲ್ಲಿ ಮಸುಕಾಗಿ, ಕೆಂಪು ಮಿಶ್ರಿತ ಬೂದು ಬಣ್ಣದಲ್ಲಿ, ಗುಂಡಗೆ ಒಂದು ಆಕಾರ ಎದ್ದು ನಿಂತಿದೆ. ಅದು ಲೆನ್ಸಿಗೆ ಅಡ್ಡ ಬಂದ ನನ್ನ ಬೆರಳು. ಅಂದು ಕುರ್ಚಿಯ ಮೇಲಿದ್ದಾಗಲೇ, ತಿಥಿಯ ಊಟ ಮುಗಿಸಿ ಎದ್ದ ಯಾರೋ ನೆಂಟರು ಅದನ್ನು ತೋರಿಸಿ, ಇದು ಯಾವ ಬೆಟ್ಟ ಎಂದು ಕೇಳಿದರು. ರಂಗರಾಜು ನನ್ನ ಕಡೆ ನೋಡಲಿಲ್ಲ.

"ಗೋಪಾಲಸ್ವಾಮಿ ಬೆಟ್ಟ. ಮಂಜ್ ಬಿದ್ದಿತ್ತು" ಎಂದ.

ಮೂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಎದ್ದು ಬಂದು ಆ ಬೆಟ್ಟಕ್ಕೆ ಕೈ ಮುಗಿದಳು. ನಾನು ಆ ಬೆರಳನ್ನು ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ಕೂತೆ.